ಹಳದಿ ಅತ್ತೆ, ಗುಲಾಬಿ ಅತ್ತೆ

ನಮ್ಮ ಅತ್ತೆಯವರ ಫೋಟೋವನ್ನು ನಾನೇ ತೆಗೆದು, ನಾನೇ ತೊಳೆದು, ನಾನೇ ಪ್ರಿಂಟ್ ಹಾಕಿಕೊಡುತ್ತೇನೆ ಎಂದು ಘೋಷಿಸಿದ ಸಂಜೆ ಶಿಡ್ಲಘಟ್ಟದಲ್ಲಿ ಕರೆಂಟ್ ಇರಲಿಲ್ಲ. ಇದ್ದಿದ್ದರೆ ಹೆಂಡತಿಯ ಮುಖ ಕಾಣುತ್ತಿತ್ತು. ಮುಖ ಕಂಡಿದ್ದರೆ ಘೋಷಣೆಯನ್ನು ಅರ್ಧಕ್ಕೇ ನುಂಗಿಕೊಂಡು ಕಡಲೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದೆ. ಕತ್ತಲೆಯು ಗಂಡಸಿಗೆ ಇಲ್ಲದ ಧೈರ್ಯವನ್ನೆಲ್ಲ ತಂದುಕೊಡುತ್ತದೆ!

"ಈ ಅಮಾನುಲ್ಲಾ ಇರೋವರ್ಗೂ ನಿಮ್ಮಮ್ಮ ಯಾವ ಸ್ಟುಡಿಯೋದ ಮೆಟ್ಲೂ ಹತ್ಬೇಕಾಗಿಲ್ಲ. ತಿಳ್ಕೋ!"

"ನೀವಿದ್ದೀರಿ ಅನ್ನೋದೇ ನನಗಿರೋ ಯೋಚ್ನೆ," ಎಂದಿತು ಕತ್ತಲೆ. ಅರ್ಥಾತ್ ನನ್ನ ಹೆಂಡತಿ ಮಹಮೂದಾ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನಮ್ಮ ಮನೆಯ ಮಾತುಕತೆ ನಡೆಯುವುದು ಉರ್ದುವಿನಲ್ಲಿ. ನಿಮಗೋಸ್ಕರ ನಾನು ಅದನ್ನು ಕನ್ನಡಕ್ಕೆ ತಂದಿದ್ದೇನೆ. ತರುವಾಗ ನನ್ನ ಹೆಂಡತಿಯ ಮಾತಿನ ಖಾರ ಅರ್ಧಕ್ಕರ್ಧ ಸೋರಿಹೋಗಿದೆ. ಓದುವಾಗ ನೀವೇ ಸ್ವಲ್ಪ ಮೆಣಸಿನಪುಡಿ ಉದುರಿಸಿಕೊಳ್ಳಬೇಕು.

ವಿಷಯ ಇಷ್ಟೇ. ನಮ್ಮ ಅತ್ತೆ ಜಾನ್ ಬೀ ಅವರು ಗೌರಿಬಿದನೂರಿನಲ್ಲಿ ಮಗ ಅಸ್ಗರನ ಮನೆಯಲ್ಲಿದ್ದರು. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಅಸ್ಗರನಿಗೆ ಕೆಲಸ. ತಾಯಿಯನ್ನು ಹಜ್‌ಗೆ ಕರೆದೊಯ್ಯಬೇಕೆಂದು ಅವನು ವರ್ಷಗಳಿಂದ ಹೊಟ್ಟೆ ಬಟ್ಟೆ ಕಟ್ಟಿ ಸಿದ್ಧನಾಗಿದ್ದ. ಈಗ ಅರ್ಜಿ ಬಂದಿತ್ತು. ಅರ್ಜಿಗೆ ಫೋಟೋ ಅಂಟಿಸಬೇಕಿತ್ತು. ಆದರೆ ನಮ್ಮ ಅತ್ತೆ ಹುಟ್ಟಿದಾಗಿನಿಂದ ಒಂದೂ ಫೋಟೋ ತೆಗೆಸಿಕೊಂಡವರಲ್ಲ. ಪರಗಂಡಸಿನ ಮುಂದೆ ಮುಖ ತೆರೆದು ಕೂರುವುದು ಅವರಿಂದಾಗದ ಮಾತು.

"ಅಳಿಯ ಅಂದ್ರೆ ಮಗನ ಸಮಾನ. ಅವನ ಮುಂದೆ ನನಗೆ ಪರದೆ ಇಲ್ಲ. ಅಮಾನುಲ್ಲಾನೇ ತೆಗೀಲಿ," ಎಂದು ಅವರು ತೀರ್ಪು ಕೊಟ್ಟಿದ್ದರು.

"ಅಮ್ಮಾ, ಅರ್ಜಿ ನೋಡೋ ಗುಮಾಸ್ತರು ಗಂಡಸರಲ್ವಾ?" ಎಂದು ಮಹಮೂದಾ ಕೇಳಿದ್ದಳು.

"ಅದು ಸರ್ಕಾರ. ಸರ್ಕಾರಕ್ಕೆ ಕಣ್ಣೆಲ್ಲಿದೆ?"

ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಈ ಮಾತನ್ನು ಅಲ್ಲಗಳೆಯಲು ನನ್ನ ಬಳಿ ಯಾವ ಸಾಕ್ಷ್ಯವೂ ಇರಲಿಲ್ಲ.

ನನ್ನ ಧೈರ್ಯಕ್ಕೂ ಒಂದು ಕಾರಣವಿತ್ತು. ಆ ಕಾರಣ ನಡುಮನೆಯ ಮೂಲೆಯಲ್ಲಿ ಹಳೆಯ ದುಪ್ಪಟಿ ಹೊದ್ದು ನಿಂತಿತ್ತು. ಅದು ಎಂಬತ್ತರ ದಶಕದ ಕೊನೆ. ಜನರಿಗೆ ಕಲರ್ ಫೋಟೋದ ಹುಚ್ಚು ಹತ್ತಿ, ರೀಲುಗಳೆಲ್ಲ ಬೆಂಗಳೂರಿನ ಲ್ಯಾಬುಗಳ ದಾರಿ ಹಿಡಿದಿದ್ದವು. ಚಿಂತಾಮಣಿಯ ಅನಂತರಾಮಯ್ಯನವರು ಬೇಸತ್ತು ತಮ್ಮ ಸ್ಟುಡಿಯೋ ಮುಚ್ಚಿದಾಗ, ಅವರ ಹಳೆಯ ಎನ್‌ಲಾರ್ಜರನ್ನು ನಾನು ತಂದುಕೊಂಡಿದ್ದೆ. ಒಂದು ಕಂಬ, ಕಂಬದ ತುದಿಯಲ್ಲಿ ದೊಡ್ಡದೊಂದು ತಗಡಿನ ತಲೆ. ತಲೆಯೊಳಗೆ ಬಲ್ಬು, ಅದರ ಕೆಳಗೆ ನೆಗೆಟಿವ್, ಅದರ ಕೆಳಗೆ ಲೆನ್ಸು. ಬೆಳಕು ಮೇಲಿಂದ ಇಳಿದು ಬಂದು, ಹೆಬ್ಬೆಟ್ಟಿನಷ್ಟಿದ್ದ ಮುಖವನ್ನು ಅಂಗೈಯಗಲ ಮಾಡಿ ಕೆಳಗಿಟ್ಟ ಕಾಗದದ ಮೇಲೆ ಬೀಳಿಸುತ್ತದೆ. ವಯಸ್ಸಿನಲ್ಲಿ ಅದು ನನಗಿಂತ ಹಿರಿಯದು. ಬಸ್ಸಿನಲ್ಲಿ ತರುವಾಗ ಕಂಡಕ್ಟರ್, "ಏನ್ ಸಾರ್, ಮನೇಲೇ ಫ್ಲೋರ್ ಮಿಲ್ ಹಾಕ್ತೀರಾ?" ಎಂದು ವಿಚಾರಿಸಿದ್ದ.

ಅದರ ಜೊತೆಗೆ ಒಂದು ಪುಟ್ಟ ತಗಡಿನ ಡಬ್ಬಿಯೂ ಬಂದಿತ್ತು. ಒಳಗೆ ಬಣ್ಣ ಬಣ್ಣದ ತೆಳು ಹಾಳೆಗಳು, ಸೊನ್ನೆಯಿಂದ ಐದರವರೆಗೆ ನಂಬರು. ಮೊದಲನೆಯದು ಅರಿಶಿನದಂಥ ಹಳದಿ; ನಂಬರು ಏರಿದಂತೆ ಬಣ್ಣ ತಿರುಗುತ್ತಾ ಕೊನೆಯದು ಕಡುಗುಲಾಬಿ.

"ಇವು ಕಾಂಟ್ರಾಸ್ಟ್ ಫಿಲ್ಟರ್ ಚೂಡಪ್ಪಾ," ಎಂದು ಅನಂತರಾಮಯ್ಯನವರು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಉಪದೇಶ ಮಾಡಿದ್ದರು. "ಲೆನ್ಸ್ ಕೆಳಗೆ ಹಿಡೀಬೇಕು. ಹಳದಿ ಹಿಡಿದ್ರೆ ಫೋಟೋ ಮೆತ್ತಗೆ. ಕರಿ, ಬಿಳಿ ಎರಡೂ ರಾಜಿ ಮಾಡ್ಕೊಂಡು ಬೂದಿ ಬಣ್ಣಕ್ಕೆ ಬರ್ತವೆ. ಗುಲಾಬಿ ಹಿಡಿದ್ರೆ ಎರಡಕ್ಕೂ ಜಗಳ. ಕರಿ ಕರೀನೇ, ಬಿಳಿ ಬಿಳೀನೇ. ಅಂತೇ!"

ಅಂತೇ! ನನಗೆ ಅಷ್ಟು ಸಾಕಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಮೇಲಧಿಕಾರಿಯ ಮುಖ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂದು ನೋಡುತ್ತಾ ಬದುಕುವ ಗುಮಾಸ್ತನೊಬ್ಬನ ಕೈಗೆ, ಜನರ ಮುಖಗಳನ್ನು ಬೇಕಾದಂತೆ ಬಿಗಿ ಮಾಡುವ, ಸಡಿಲ ಮಾಡುವ ಅಧಿಕಾರ ಬಂದರೆ ಹೇಗಿರುತ್ತದೆ, ಯೋಚಿಸಿ! ಆ ಡಬ್ಬಿಯನ್ನು ನಾನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದೆ.

ಅತ್ತೆಯವರು ಬಂದರು. ಹಿತ್ತಲಿನ ಒಳ್ಳೆಯ ಬಿಸಿಲಿನಲ್ಲಿ ಸ್ಟೂಲು ಹಾಕಿದೆ. ಬಿಳಿಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎಂದಿನಂತೆ ನೆಲ ನೋಡುತ್ತಾ ಕೂತರು.

"ಒಂದೇ ಸಲ, ಬೇಟಾ. ಎರಡನೇ ಸಲ ಕೇಳ್ಬೇಡ."

"ಒಂದೇ ಸಾಕಮ್ಮಾ! ಕಣ್ಣು ಮೇಲಕ್ಕೆತ್ತಿ. ನನ್ನ ಕೈ ಕಡೆ ನೋಡಿ."

"ಎಲ್ಲಿದೆ ಕೈ?"

ಅತ್ತೆಗೂ ಹಾಸ್ಯಪ್ರಜ್ಞೆ ಇದೆಯಲ್ಲ ಎಂದು ಖುಷಿಯಾಗಿ ಗಟ್ಟಿಯಾಗಿ ನಕ್ಕೆ. ನನ್ನ ನಗು ಕೇಳಿದ ದಿಕ್ಕಿಗೆ ಅವರು ಮುಖ ಎತ್ತಿದರು. ಕ್ಲಿಕ್! ಕ್ಯಾಮೆರಾದ ತಿರುಗಣೆಯನ್ನು ತಪ್ಪು ಅಂಕಿಗೆ ತಿರುಗಿಸಿದ್ದೇನೆಂದು ಗೊತ್ತಾದದ್ದು ಅವರು ಗೌರಿಬಿದನೂರಿನ ಬಸ್ಸು ಹತ್ತಿದ ಮೇಲೆ. ನೆಗೆಟಿವ್ ತೀರಾ ಪೇಲವವಾಗಿತ್ತು. ನಾನು ಎದೆಗುಂದಲಿಲ್ಲ. ಪೇಲವ ನೆಗೆಟಿವ್‌ಗೆ ಜೀವ ತುಂಬಲೆಂದೇ ಅಲ್ಲವೇ ಗುಲಾಬಿ ಫಿಲ್ಟರ್ ಇರುವುದು?

ಭಾನುವಾರ ಮಧ್ಯಾಹ್ನ ಬಚ್ಚಲುಮನೆಯನ್ನು ವಶಪಡಿಸಿಕೊಂಡೆ. ಕಿಟಕಿಗೆ ರಟ್ಟು, ಬಾಗಿಲ ಸಂದಿಗೆ ರಜಾಯಿ, ಮೇಲೆ ಕೆಂಪು ಬಲ್ಬು. ಹಂಡೆಯ ಪಕ್ಕದಲ್ಲಿ ಎನ್‌ಲಾರ್ಜರ್. ಮಹಮೂದಾ ಹಬ್ಬಕ್ಕೆಂದು ಎತ್ತಿಟ್ಟಿದ್ದ ಪಿಂಗಾಣಿ ತಟ್ಟೆಗಳಲ್ಲಿ ರಾಸಾಯನಿಕಗಳು.

"ಆ ತಟ್ಟೇಲಿ ಇನ್ಮೇಲೆ ಊಟ ಮಾಡೋದು ಹೇಗ್ರೀ?" ಹೊರಗಿನಿಂದ ದನಿ.

"ಕಲೆಗೋಸ್ಕರ ತ್ಯಾಗ ಮಾಡ್ಬೇಕು!"

"ಯಾವ ಕಲೆ? ತಟ್ಟೆ ಮೇಲೆ ಕೂತಿರೋದಾ?"

ಪಕ್ಕದ ಮನೆಯ ಮೇಷ್ಟ್ರ ಹೆಂಡತಿ ಕನಕಲಕ್ಷ್ಮಮ್ಮನವರು ಕಾಂಪೌಂಡಿನ ಮೇಲಿಂದ, "ಮಹಮೂದಾ, ನಿಮ್ಮ ಬಚ್ಚಲಿಂದ ಅದೇನಮ್ಮ ಹುಳಿ ವಾಸನೆ?" ಎಂದು ಕೇಳುವುದು ಕೇಳಿಸಿತು. ನೋಡಿ ನ್ಯಾಯ! ಶಿಡ್ಲಘಟ್ಟದಲ್ಲಿ ಬೀದಿಬೀದಿಗೆ ರೇಷ್ಮೆಗೂಡು ಬೇಯಿಸುತ್ತಾರೆ. ಹೊರಗಿನವರು ಊರ ಗಡಿಯಲ್ಲೇ ಮೂಗು ಮುಚ್ಚಿಕೊಳ್ಳುತ್ತಾರೆ. ಆ ವಾಸನೆಯಲ್ಲಿ ನೆಮ್ಮದಿಯಾಗಿ ಕಾಫಿ ಕುಡಿಯುವವರಿಗೆ ಪ್ರಿಂಟ್ ತೊಳೆಯಲು ನಾನು ಸುರಿದ ಒಂದು ಲೋಟ ವಿನಿಗರ್ ಸಹಿಸಲಾಗಲಿಲ್ಲ!

ಮೊದಲು ಹಳದಿ ಹಿಡಿದು ಒಂದು ಪ್ರಿಂಟ್, ಆಮೇಲೆ ಗುಲಾಬಿ ಹಿಡಿದು ಒಂದು ಪ್ರಿಂಟ್. ಒದ್ದೆ ಪ್ರಿಂಟುಗಳನ್ನು ಒಣಗಿಸಲು ರೇಷ್ಮೆಹುಳು ಗೂಡು ಕಟ್ಟುವ ಹಳೆಯ ಬಿದಿರಿನ ಚಂದ್ರಿಕೆಯ ಮೇಲೆ ಹರಡಿದೆ. ಒಣಗಿದಾಗ ಅತ್ತೆಯ ಕೆನ್ನೆಯ ಮೇಲೆ ಬಿದಿರ ಪಟ್ಟಿಯ ಸುರುಳಿ ಗುರುತು ಮೂಡಿತ್ತು. ಇರಲಿ, ಅದು ಬೇರೆ ವಿಷಯ. ನಾನು ಎರಡನ್ನೂ ಹಿಡಿದು ಹೆಂಡತಿಯ ಮುಂದೆ ನಿಂತೆ.

"ನೋಡು, ಇದು ಹಳದಿ ಅತ್ತೆ. ಎಷ್ಟು ಸೌಮ್ಯ! ಇದು ಗುಲಾಬಿ ಅತ್ತೆ. ಏನು ಗತ್ತು!"

"ಎರಡೂ ಒಂದೇ."

"ನೋಡೋ ಕಣ್ಣಿಗೆ ಅಭ್ಯಾಸ ಬೇಕಮ್ಮ."

ಅವಳು ಎರಡನ್ನೂ ಕಿತ್ತುಕೊಂಡು, ಬೆನ್ನ ಹಿಂದೆ ಅದಲು ಬದಲು ಮಾಡಿ ಮುಂದೆ ಹಿಡಿದಳು. "ಈಗ ಹೇಳಿ. ಯಾವ್ದು ಹಳದಿ?"

ನಾನು ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿಸಿದೆ. ದೂರದಿಂದ ನೋಡಿದೆ, ಹತ್ತಿರದಿಂದ ನೋಡಿದೆ. "ಇದು! ಈ ಸೌಮ್ಯತೆ ಮುಚ್ಚಿಟ್ರೂ ಮುಚ್ಚಲ್ಲ."

ಅವಳು ತಿರುಗಿಸಿದಳು. ಹಿಂಭಾಗದಲ್ಲಿ ನನ್ನದೇ ಪೆನ್ಸಿಲ್ ಬರಹ: ಗುಲಾಬಿ.

ಮರುದಿನ ರಜೆ ಹಾಕಿ ಚಿಂತಾಮಣಿಗೆ ಓಡಿದೆ. ಅನಂತರಾಮಯ್ಯನವರು ಪ್ರಿಂಟ್ ಮುಟ್ಟಿ ನೋಡಿದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ರಾಮಾ! ಇದು ಮಾಮೂಲಿ ಕಾಗದ ಕಣಯ್ಯಾ. ಇದಕ್ಕೆ ನೀನು ಕಾಮನಬಿಲ್ಲು ತಂದು ಹಿಡಿದ್ರೂ ಅಷ್ಟೇ. ಆ ಫಿಲ್ಟರ್‌ಗೆ ಅಂತ ಬೇರೆ ಕಾಗದಾನೇ ಬರುತ್ತೆ."

"ನೀವು ಹೇಳ್ಲೇ ಇಲ್ವಲ್ಲ ಸಾರ್!"

"ನೀನು ಕೇಳ್ಲೇ ಇಲ್ವಲ್ಲ!"

ಯಾರೋ ನೆಂಟರು ವಿದೇಶದಿಂದ ತಂದುಕೊಟ್ಟಿದ್ದ ಅಂಥ ಕಾಗದ ಅವರಲ್ಲಿ ಅರ್ಧ ಪೊಟ್ಟಣ ಉಳಿದಿತ್ತು. ಅದನ್ನು ಎದೆಗವಚಿಕೊಂಡು ಊರಿಗೆ ಬಂದೆ.

ಆ ಕಾಗದ! ಅದರ ಮೇಲೆ ಗುಲಾಬಿ ಬೆಳಕು ಬಿದ್ದು, ತಟ್ಟೆಯ ನೀರಿನೊಳಗಿನಿಂದ ಅತ್ತೆಯ ಮುಖ ಮೆಲ್ಲಗೆ ಮೇಲೇಳತೊಡಗಿದಾಗ ನನ್ನ ಮೈ ಜುಮ್ಮೆಂದಿತು. ಹುಬ್ಬು, ಮೂಗು, ಬಾಯಿಯ ಪಕ್ಕದ ಗೆರೆ, ಸೆರಗಿನ ಅಂಚು, ಎಲ್ಲವೂ ಸ್ಪಷ್ಟ. ಮದುವೆಯಾಗಿ ಅಷ್ಟು ವರ್ಷಗಳಾಗಿದ್ದರೂ ನಾನು ಆ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಅವರು ತಲೆ ತಗ್ಗಿಸಿ ಮಾತನಾಡುತ್ತಿದ್ದರು, ನಾನು ಮರ್ಯಾದೆಗೆಂದು ಬೇರೆ ಕಡೆ ನೋಡುತ್ತಾ ಉತ್ತರಿಸುತ್ತಿದ್ದೆ. ಈಗ ಕೆಂಪು ದೀಪದಡಿ ಒಬ್ಬನೇ ನಿಂತು ನೋಡಿದಾಗ, ಮಹಮೂದಾಳ ಗಲ್ಲ ಎಲ್ಲಿಂದ ಬಂದದ್ದೆಂದು ತಿಳಿಯಿತು.

ಹೊರಗೆ ತಂದು ಬಿಸಿಲಲ್ಲಿ ನೋಡಿದೆ. ಬಲಗಣ್ಣಿನ ಪಾಪೆಯ ನಟ್ಟನಡುವೆ ಒಂದು ಬಿಳಿ ಚುಕ್ಕಿ!

ಅಲ್ಲಿಂದ ಶುರುವಾಯಿತು ನನಗೂ ಆ ಚುಕ್ಕಿಗೂ ಮಹಾಯುದ್ಧ. ಧೂಳಿರಬೇಕೆಂದು ಲೆನ್ಸು ಒರೆಸಿದೆ. ಚುಕ್ಕಿ ಇತ್ತು. ನೆಗೆಟಿವ್ ತೊಳೆದೆ. ಚುಕ್ಕಿ ಇತ್ತು. ಫಿಲ್ಟರ್ ಬದಲಾಯಿಸುತ್ತಾ ಹೋದೆ. ಹಳದಿಯಲ್ಲಿ ಚುಕ್ಕಿ ಮಾಯ, ಆದರೆ ಅದರ ಜೊತೆಗೆ ಅತ್ತೆಯೂ ಮಾಯ. ಮಂಜಿನಲ್ಲಿ ಸಿಕ್ಕಿಕೊಂಡ ಯಾರೋ ಒಬ್ಬರು! ಐದನೇ ನಂಬರಿನ ಕಡುಗುಲಾಬಿಯಲ್ಲಿ ಅತ್ತೆ ಪ್ರತ್ಯಕ್ಷ, ಚುಕ್ಕಿಯೂ ಪ್ರತ್ಯಕ್ಷ. ಇಬ್ಬರೂ ನನ್ನನ್ನೇ ದುರುಗುಟ್ಟಿಕೊಂಡು ನೋಡುವವರು. ನಡುವಿನ ನಂಬರುಗಳಲ್ಲಿ ಇಬ್ಬರೂ ಅರ್ಧಂಬರ್ಧ.

ಸಾಲದ್ದಕ್ಕೆ ಕನಕಲಕ್ಷ್ಮಮ್ಮನವರ ಹೊಸ ವೆಟ್ ಗ್ರೈಂಡರ್! ಅದು ಗರ್ರ್ ಎಂದು ಶುರುವಾದ ಕೂಡಲೇ ನಮ್ಮ ಮನೆಯ ವೋಲ್ಟೇಜು ಬಿದ್ದುಹೋಗಿ, ಎನ್‌ಲಾರ್ಜರಿನ ಬಲ್ಬು ಹಣತೆಯಂತೆ ಹಳದಿ ತಿರುಗುತ್ತಿತ್ತು. ಗುಲಾಬಿ ಅತ್ತೆಯನ್ನು ತೆಗೆಯಹೋದರೆ ಹಳದಿ ಅತ್ತೆ ಬರುತ್ತಿದ್ದರು. ಮೇಷ್ಟ್ರ ಮನೆಯ ದೋಸೆಗೂ ನಮ್ಮ ಅತ್ತೆಯ ಮುಖಕ್ಕೂ ಇಂಥ ಹತ್ತಿರದ ಸಂಬಂಧವಿದೆಯೆಂದು ಯಾರಿಗೆ ಗೊತ್ತಿತ್ತು?

"ಕನಕಲಕ್ಷ್ಮಮ್ಮಾ, ಹಿಟ್ಟು ಆಮೇಲೆ ರುಬ್ಬೋಕಾಗುತ್ತಾ? ನಮ್ಮತ್ತೆ ಮುಖ ಮಂಕಾಗ್ತಿದೆ!" ಎಂದು ಬಚ್ಚಲಿನೊಳಗಿಂದ ಕೂಗಿದೆ.

"ಅಯ್ಯೋ ಪಾಪ! ಅವರಿಗೂ ಎರಡು ದೋಸೆ ಕಳಿಸ್ತೀನಿ ಬಿಡಿ," ಎಂಬ ಉತ್ತರ ಬಂತು.

ಕೊನೆಗೆ ಪತ್ತೇದಾರನಂತೆ ಯೋಚಿಸಿದೆ. ನೆಗೆಟಿವನ್ನು ಮಗುಚಿ ಹಾಕಿದೆ. ಚುಕ್ಕಿ ಬಲಗಣ್ಣಿನಿಂದ ಎಡಗಣ್ಣಿಗೆ ಹಾರಿತು! ಸಿಕ್ಕಿಬಿದ್ದ ಕಳ್ಳ! ಲೆನ್ಸಿನ ಮೇಲಿದ್ದರೆ ಹೀಗೆ ಜಾಗ ಬದಲಿಸುತ್ತಿರಲಿಲ್ಲ. ಹಾಗಾದರೆ ಇದು ನೆಗೆಟಿವ್‌ಗೇ ಅಂಟಿಕೊಂಡ ಧೂಳು. ಫಿಲ್ಮಿಗೆ ಬಳಿದ ಗೋಂದಿನೊಳಗೆ ಸೇರಿ ಗಟ್ಟಿಯಾಗಿಬಿಟ್ಟಿದೆ. ನನ್ನ ತರ್ಕಕ್ಕೆ ನಾನೇ ತಲೆದೂಗಿದೆ. ಆದರೂ ಖಚಿತವಾಗಲೆಂದು ಮತ್ತೆ ಚಿಂತಾಮಣಿ ಬಸ್ಸು ಹತ್ತಿದೆ. ಅನಂತರಾಮಯ್ಯನವರು ಕಣ್ಣಿಗೆ ಭೂತಗನ್ನಡಿ ಏರಿಸಿ ಪರೀಕ್ಷಿಸಿದರು.

"ಧೂಳು," ಎಂದರು.

"ನಿಜವಾಗ್ಲೂ?"

"ನೀನು ಹುಟ್ಟೋಕೆ ಮುಂಚಿಂದ ಧೂಳು ನೋಡ್ತಿದೀನಯ್ಯಾ. ಇದು ಧೂಳೇ. ತಗೋ ಈ ಬ್ರಷ್ಷು. ತುದಿಗೆ ಒಂಚೂರು ಮಸಿ, ಒಂಚೂರು ಎಂಜಲು. ಮುಟ್ಟಿಸಿದ್ಯಾ, ಐಪೋಯೆ!"

ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ಹತ್ತಿರವಾಗಿತ್ತು. ಅಸ್ಗರನಿಂದ ಮೇಲಿಂದ ಮೇಲೆ ಟ್ರಂಕ್ ಕಾಲು. "ಭಾವ, ಫೋಟೋ?" "ಬರ್ತಾ ಇದೆ." "ಭಾವ, ಫೋಟೋ?" "ಕಲೆಗೆ ಅವಸರ ಆಗಲ್ಲಪ್ಪ!" ನಾನು ಕಿಟಕಿಯ ಪಕ್ಕ ಕೂತು, ಉಸಿರು ಬಿಗಿಹಿಡಿದು, ಐದನೇ ನಂಬರಿನ ಪ್ರಿಂಟಿನ ಮೇಲೆ ಬ್ರಷ್ಷಿನ ತುದಿ ಮುಟ್ಟಿಸಿದೆ. ಚುಕ್ಕಿ ಹೋಯಿತು. ಅತ್ತೆಯ ಕಣ್ಣು ಕರ್ರಗೆ, ಹುಡುಗಿಯ ಕಣ್ಣಿನಂತೆ ಹೊಳೆಯಿತು. ಹಾಗೆಯೇ ಬೇಕಾದಷ್ಟು ಪ್ರತಿ ಮಾಡಿದೆ. ಜೀವನದಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದು. ಇದನ್ನು ಜಂಭಕ್ಕೆ ಹೇಳುತ್ತಿಲ್ಲ. ಆ ಪ್ರಿಂಟ್ ನಿಜವಾಗಿಯೂ ಅಷ್ಟು ಚೆನ್ನಾಗಿತ್ತು.

ಅಸ್ಗರ್ ತಾಯಿಯನ್ನು ಬೆಳಗಿನ ಬಸ್ಸಿನಲ್ಲಿ ಕರೆತಂದು ಬಿಟ್ಟು, ಬೇರೆ ಕಾಗದಗಳಿಗೆ ಸಹಿ ಹಾಕಿಸಲು ಪೇಟೆಗೆ ಹೋದ. ಅತ್ತೆ ಚಾಪೆಯ ಮೇಲೆ ಕೂತರು. ನಾನು ಪ್ರಿಂಟುಗಳ ಕಟ್ಟನ್ನು ಅವರ ಕೈಗಿತ್ತೆ. ಅದರಲ್ಲಿ ಎಲ್ಲವೂ ಇದ್ದವು. ಸುರುಳಿ ಗುರುತಿನ ಅತ್ತೆ, ಮಂಜಿನ ಅತ್ತೆ, ದೋಸೆಹಿಟ್ಟಿನ ಅತ್ತೆ, ಕೊನೆಯಲ್ಲಿ ನನ್ನ ಮೇರುಕೃತಿ. ಕಲಾವಿದನ ಕಷ್ಟವೂ ತಿಳಿಯಲಿ ಎಂದು!

"ಬಹಳ ಚೆನ್ನಾಗಿದೆ, ಬೇಟಾ," ಎಂದರು ಮೊದಲನೆಯದಕ್ಕೆ. ಎರಡನೆಯದಕ್ಕೂ ಅದನ್ನೇ ಹೇಳಿದರು. ಮೂರನೆಯದಕ್ಕೂ ಅದೇ. ಇಂಥ ರಸಿಕರು ನಮ್ಮ ಮನೆಯಲ್ಲೇ ಇದ್ದಾರಲ್ಲ ಎಂದು ನಾನು ಹೆಂಡತಿಯ ಕಡೆ ಗೆಲುವಿನ ನೋಟ ಬೀರಿದೆ. ಅವಳು ಫಕ್ಕನೆ ನಕ್ಕಳು.

"ಅಮ್ಮಾ, ಅದು ಫೋಟೋದ ಹಿಂಭಾಗ!"

ಅತ್ತೆಯೂ ನಕ್ಕರು. ತಿರುಗಿಸಿದರು. "ಹ್ಞಾಂ, ಈ ಕಡೇನೂ ಚೆನ್ನಾಗಿದೆ."

ನಾನು ನಗುತ್ತಲೇ ಇದ್ದೆ. ಮಹಮೂದಾಳ ನಗು ನಿಂತುಹೋಗಿತ್ತು. ಅವಳು ಎದ್ದು, ಗೂಟಕ್ಕೆ ಸಿಕ್ಕಿಸಿದ್ದ ನನ್ನ ಬೇರೊಂದು ಪ್ರಿಂಟ್ ತಂದು ತಾಯಿಯ ಕೈಗೆ ಕೊಟ್ಟಳು. ಅದು ನಮ್ಮೂರಿನ ನೀರಿನ ಟ್ಯಾಂಕು.

"ಅಮ್ಮಾ, ಇದು ಹೇಗೆ ಬಂದಿದೆ ನೋಡಿ."

ಅತ್ತೆ ಅದನ್ನು ಮುಖದ ಹತ್ತಿರ ತಂದರು, ಸ್ವಲ್ಪ ಓರೆಯಾಗಿ ಹಿಡಿದರು. "ಇದೂ ಚೆನ್ನಾಗಿದೆ. ಮೂಗು ಒಂಚೂರು ದಪ್ಪ ಬಂದಿದೆ, ಅಷ್ಟೇ."

ಮಹಮೂದಾ ತಾಯಿಯ ಕೈ ಹಿಡಿದು ಹಿತ್ತಲಿನ ಬಿಸಿಲಿಗೆ ಕರೆದೊಯ್ದಳು. ಗಲ್ಲ ಹಿಡಿದು ಮುಖ ಮೇಲೆತ್ತಿದಳು. ನಾನೂ ಹಿಂದೆ ಹೋಗಿ ನೋಡಿದೆ. ಬಲಗಣ್ಣಿನ ಪಾಪೆಯ ನಟ್ಟನಡುವೆ ಬಿಳಿ ಚುಕ್ಕಿ ಇತ್ತು. ಅಲ್ಲಿ ನೆಗೆಟಿವ್ ಇರಲಿಲ್ಲ, ಲೆನ್ಸ್ ಇರಲಿಲ್ಲ, ಕಾಗದವೂ ಇರಲಿಲ್ಲ. ಎಡಗಣ್ಣಿನಲ್ಲೂ ಮಸುಕು ಆಗಲೇ ಇಳಿಯುತ್ತಿತ್ತು.

"ಯಾವಾಗಿಂದ ಅಮ್ಮಾ?"

"ಹೋದ ರಂಜಾನ್ ಆದ್ಮೇಲೆ."

"ಅದಕ್ಕೇ ನಾನು ಅಕ್ಕಿ ಆರಿಸಿಕೊಡಿ ಅಂದ್ರೆ ಸೊಂಟ ನೋವು ಅಂದ್ರಾ? ಯಾಕಮ್ಮಾ ಹೇಳ್ಲಿಲ್ಲ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತರು. "ಕಣ್ಣು ಕಾಣದೋರ್ನ ಹಜ್‌ಗೆ ಕಳಿಸಲ್ಲ ಅಂತ ಯಾರೋ ಅಂದ್ರು. ಆಪರೇಷನ್ನು ಅಂತ ಕೂತ್ರೆ ಈ ವರ್ಷ ಹೋಗುತ್ತೆ. ಬರೋ ವರ್ಷ ನಾನಿರ್ತೀನೋ ಇಲ್ವೋ. ಅದಕ್ಕೇ ಇರೋ ಬೆಳಕನ್ನ ಉಳಿಸ್ಕೊಂಡಿದ್ದೆ ಕಣಮ್ಮಾ. ಕಣ್ಣು ಕೆಳಗೆ ಹಾಕ್ಕೊಂಡು, ಬೇಡದ್ದೇನೂ ನೋಡದೆ. ಇಲ್ಲೇ ನೋಡಿ ನೋಡಿ ಖರ್ಚು ಮಾಡಿಬಿಟ್ರೆ, ಅಲ್ಲಿ ಹೋಗಿ ನೋಡೋಕೆ ಏನು ಉಳಿಯುತ್ತೆ?"

ಇಷ್ಟು ದಿನ ಆ ಕಣ್ಣನ್ನೇ ನೋಡುತ್ತಾ ನಿಂತಿದ್ದವನು ನಾನು! ಹಳದಿಯಲ್ಲಿ ನೋಡಿದೆ, ಗುಲಾಬಿಯಲ್ಲಿ ನೋಡಿದೆ, ಮಗುಚಿ ನೋಡಿದೆ. ಅದು ಧೂಳಲ್ಲ, ಒಬ್ಬ ಮುದುಕಿಯ ಕಷ್ಟ ಎಂದು ಒಂದು ಸಲವೂ ಹೊಳೆಯಲಿಲ್ಲ. ಹೊಳೆಯದಿದ್ದರೆ ಹೋಗಲಿ, ಮಸಿ ಬಳಿದು ಮುಚ್ಚಿ, ಅದನ್ನು ಮೇರುಕೃತಿ ಎಂದು 'ಶಹಭಾಸ್' ಹೇಳಿಕೊಂಡೆನಲ್ಲ!

"ನೀವು ಒರೆಸಿದ ಧೂಳು ಇದೇ," ಎಂದಳು ಮಹಮೂದಾ ಮೆಲ್ಲಗೆ. ಆ ಮಾತಿಗೆ ನೀವು ಮೆಣಸಿನಪುಡಿ ಉದುರಿಸುವುದು ಬೇಡ.

ಅತ್ತೆ ಥಟ್ಟನೆ ನಾನಿದ್ದ ಕಡೆ ತಿರುಗಿದರು. "ಒರೆಸಿದೀಯಾ, ಬೇಟಾ? ಫೋಟೋದಲ್ಲಿ ಗೊತ್ತಾಗಲ್ವಾ?"

"ಗೊತ್ತಾಗಲ್ಲಮ್ಮಾ."

"ಹಾಗಾದ್ರೆ ಅದನ್ನೇ ಕಳಿಸಿಬಿಡು. ಅಸ್ಗರನಿಗೆ ಹೇಳ್ಬೇಡಿ. ಕೈಮುಗೀತೀನಿ." ಅವರು ನಿಜವಾಗಿಯೂ ಕೈಮುಗಿದರು. ನನಗೆ, ಮಗನ ಸಮಾನನಾದ ಅಳಿಯನಿಗೆ!

ನನ್ನ ಕೈಯಲ್ಲಿ ಆ ಪ್ರಿಂಟುಗಳಿದ್ದವು. ಎಷ್ಟು ಚೆನ್ನಾಗಿದ್ದವು! ಅಂಟಿಸಿ ಕಳಿಸಿದರೆ ಅತ್ತೆಗೆ ಸಂತೋಷ, ಅಸ್ಗರನಿಗೆ ಸಂತೋಷ, ನನ್ನ ಕಲೆ ಸರ್ಕಾರದ ಕಡತ ಸೇರಿ ಅಮರ. ಆದರೆ ಹಡಗೋ ವಿಮಾನವೋ ಹತ್ತಿ, ಅಷ್ಟು ದೂರ ಹೋಗಿ, ಆ ಜನಸಾಗರದ ನಡುವೆ ನಿಂತು, ಉಳಿಸಿಕೊಂಡ ಬೆಳಕೆಲ್ಲ ಅಷ್ಟರಲ್ಲೇ ಮುಗಿದಿದ್ದರೆ? ಎಲ್ಲಿ ನೋಡಲಿ ಎಂದು ಮಗನನ್ನು ಕೇಳುತ್ತಾ ಅವರು ನಿಂತಿರುವುದು ನನ್ನ ಕಣ್ಣಿಗೆ ಕಟ್ಟಿತು. ನಾನು ಪ್ರಿಂಟುಗಳನ್ನು ಅವರ ಕಿವಿಗೆ ಕೇಳುವಂತೆ ಹರಿದೆ. ಮಸಿ ಮುಟ್ಟಿಸಿದ ಪ್ರತಿಯೊಂದನ್ನೂ.

"ಮೊದಲು ಕಣ್ಣು, ಅಮ್ಮಾ. ಆಮೇಲೆ ಫೋಟೋ."

"ನಿನ್ನನ್ನ ಮಗ ಅಂದ್ಕೊಂಡಿದ್ದೆ," ಎಂದು ಅತ್ತೆ ಅತ್ತರು. ನಾನು ಮಾಡಿಕೊಟ್ಟ ಚಹಾ ಮುಟ್ಟಲಿಲ್ಲ. ಸಂಜೆ ಅಸ್ಗರನೊಂದಿಗೆ ಹೊರಟಾಗಲೂ ನನ್ನ ಸಲಾಮಿಗೆ ಉತ್ತರ ಕೊಡಲಿಲ್ಲ. ಆ ವರ್ಷದ ಅರ್ಜಿ ನಮ್ಮ ಮನೆಯ ಅಲಮಾರಿಯಲ್ಲೇ ಉಳಿಯಿತು. ಮಹಮೂದಾ ಮಾತ್ರ ಆ ಸಂಜೆ ಪಿಂಗಾಣಿ ತಟ್ಟೆಗಳನ್ನು ಒಂದು ಮಾತೂ ಆಡದೆ ತೊಳೆದಿಟ್ಟಳು. ಮದುವೆಯಾದ ಮೇಲೆ ನನಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದು.

ಮಹಮೂದಾಳಿಂದ ವಿಷಯ ತಿಳಿದ ಅಸ್ಗರ್ ರಜೆ ಹಾಕಿ ತಾಯಿಯನ್ನು ಬೆಂಗಳೂರಿನ ಕಣ್ಣಾಸ್ಪತ್ರೆಗೆ ಕರೆದೊಯ್ದ. ಮೊದಲು ಒಂದು ಕಣ್ಣು, ಕೆಲವು ತಿಂಗಳು ಕಳೆದು ಇನ್ನೊಂದು. ಪಟ್ಟಿ ಬಿಚ್ಚಿ, ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಬಂದ ಮೇಲೆ ಅತ್ತೆ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತು ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಎಷ್ಟು ಸೊರಗಿದ್ದೀಯೇ!" ಎಂದು ಅವಳನ್ನು ತಬ್ಬಿಕೊಂಡರು. ಆಮೇಲೆ ನನ್ನನ್ನು ನೋಡಿದರು. ಕನ್ನಡಕದ ಹಿಂದೆ ಎರಡು ದೊಡ್ಡ, ಕಪ್ಪು, ನೆಟ್ಟ ಕಣ್ಣುಗಳು. ನನ್ನ ಯಾವ ಬ್ರಷ್ಷಿಗೂ ಆ ಕಪ್ಪು ಬರುತ್ತಿರಲಿಲ್ಲ.

"ನಿನ್ನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ, ಬೇಟಾ. ತಪ್ಪು ನಂದು," ಎಂದು ನನ್ನ ತಲೆ ಸವರಿದರು. ನಾನು ಕಣ್ಣೊರೆಸಿಕೊಂಡೆ. ವಿನಿಗರಿನ ಘಾಟಿಗೆ ಎಂದು ಹೇಳೋಣವೆಂದರೆ ಆ ದಿನ ವಿನಿಗರೂ ಇರಲಿಲ್ಲ.

ಹೊಸ ವರ್ಷದ ಅರ್ಜಿ ಬಂದಿತ್ತು. ಕನ್ನಡಕ ಬಂದುದರಿಂದ ಫೋಟೋ ಹೊಸದೇ ಆಗಬೇಕು. ನನ್ನ ಕಲಾಜೀವನಕ್ಕೆ ಮತ್ತೆ ವಸಂತ! ನಾನು ಹಿತ್ತಲಲ್ಲಿ ಸ್ಟೂಲು ಹಾಕಿದೆ, ಕ್ಯಾಮೆರಾದ ತಿರುಗಣೆಯನ್ನು ಎರಡೆರಡು ಸಲ ನೋಡಿ ಸರಿಯಾದ ಅಂಕಿಗೆ ತಿರುಗಿಸಿದೆ. ಎನ್‌ಲಾರ್ಜರಿನ ದುಪ್ಪಟಿ ತೆಗೆದೆ. ಗ್ರೈಂಡರ್ ಆಡಿಸಬಾರದೆಂದು ಕನಕಲಕ್ಷ್ಮಮ್ಮನವರಿಂದ ಮಾತು ತೆಗೆದುಕೊಂಡು ಬಂದೆ.

"ಇರು ಬೇಟಾ," ಎಂದರು ಅತ್ತೆ. "ಹೋದ ವರ್ಷದ್ದು ಉಳಿದಿದ್ರೆ ಕೊಡು. ಒಂದ್ಸಲ ನೋಡ್ತೀನಿ."

ಹರಿಯದೆ ಉಳಿದಿದ್ದವನ್ನೆಲ್ಲ ಸಂಭ್ರಮದಿಂದ ತಂದುಕೊಟ್ಟೆ. ಅವರು ಬಿಸಿಲಿಗೆ ಹಿಡಿದು ಒಂದೊಂದಾಗಿ ನೋಡಿದರು. ಮಂಜಿನ ಅತ್ತೆಯನ್ನು ನೋಡಿದರು. ಕೆನ್ನೆಯಲ್ಲಿ ಸುರುಳಿ ಸುತ್ತಿದ ಅತ್ತೆಯನ್ನು ನೋಡಿದರು. ಚುಕ್ಕಿ ಹಾಗೆಯೇ ಉಳಿದಿದ್ದ ಐದನೇ ನಂಬರಿನವರನ್ನು ತಿರುಗಿಸಿ, ಹಿಂಭಾಗವನ್ನೂ ನೋಡಿದರು.

"ಇವನ್ನೆಲ್ಲಾ ಬಹಳ ಚೆನ್ನಾಗಿದೆ ಅಂದಿದ್ದು ನಾನೇನಾ?"

"ನೀವೇ ಅಮ್ಮಾ!"

ಅತ್ತೆ ಪ್ರಿಂಟುಗಳನ್ನು ಜೋಪಾನವಾಗಿ ಜೋಡಿಸಿ ನನ್ನ ಕೈಗಿತ್ತರು. ಎದ್ದರು. ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನಡೆದರು.

"ಮಹಮೂದಾ, ಚಪ್ಪಲಿ ಹಾಕ್ಕೊ. ಸ್ಟುಡಿಯೋಗೆ ಹೋಗಣ ನಡಿ."

ನಾನು ಹೌಹಾರಿದೆ. "ಅಮ್ಮಾ! ಸ್ಟುಡಿಯೋದೋನು ಪರಗಂಡಸು!"

"ಇರ್ಲಿ ಬಿಡು, ಬೇಟಾ," ಎಂದರು ಅತ್ತೆ ಹೊಸ್ತಿಲು ದಾಟುತ್ತಾ. "ಪಾಪ, ಅವನೂ ಯಾರ್ದೋ ಅಳಿಯ ಆಗಿರ್ತಾನೆ."